ಶೀಘ್ರ ಸ್ಖಲನ: ಗುಳಿಗೆ ಕೊಳ್ಳುವ ಮೊದಲು ಮಾಡಬೇಕಾದ ಕೆಲಸಗಳು

ಸಿಂಧನೂರಿನಲ್ಲಿ ನನ್ನದೊಂದು ಔಷಧ ಅಂಗಡಿ ಇದೆ. ಮಾನ್ವಿ, ಮಸ್ಕಿ, ಕಾರಟಗಿ ಕಡೆಯ ಹಳ್ಳಿಗಳವರೂ ಬರುತ್ತಾರೆ. ರಾತ್ರಿ ಒಂಬತ್ತರ ನಂತರ, ಅಂಗಡಿಯ ಮುಂದೆ ಬೇರೆ ಯಾರೂ ಇಲ್ಲದ ಹೊತ್ತು ನೋಡಿ, ಬೈಕಿನ ಎಂಜಿನ್ ಆರಿಸದೆಯೇ ಬರುವ ಕೆಲವರಿದ್ದಾರೆ. ಬಾಯಿ ಬಿಟ್ಟು ಕೇಳುವುದಿಲ್ಲ. ಬೆವರಿಗೆ ಒದ್ದೆಯಾದ ಚೀಟಿಯೊಂದನ್ನು ಮುಂದೆ ಚಾಚುತ್ತಾರೆ. ಅದರಲ್ಲಿ ಗೆಳೆಯನೊಬ್ಬ ಬರೆದುಕೊಟ್ಟ ಗುಳಿಗೆಯ ಹೆಸರು ಇರುತ್ತದೆ. "ವೈದ್ಯರು ಬರೆದದ್ದು ಎಲ್ಲಿ?" ಎಂದು ಕೇಳಿದರೆ ಬೈಕು ಹೊರಟೇಹೋಗುತ್ತದೆ. ಹೋಗದೆ ನಿಂತವರೊಂದಿಗೆ ಮಾತಾಡಿದ್ದೇನೆ. ಅವರಲ್ಲಿ ಬಹಳ ಮಂದಿಗೆ ಬೇಕಾಗಿದ್ದದ್ದು ಗುಳಿಗೆಯಲ್ಲ, ತಮ್ಮ ತೊಂದರೆ ಯಾವ ಬಗೆಯದು ಎಂಬ ತಿಳಿವಳಿಕೆ. ಬಗೆ ತಿಳಿಯದೆ ಔಷಧ ಕೊಳ್ಳುವುದು, ಯಾವ ರೋಗ ಬಿದ್ದಿದೆಯೆಂದು ನೋಡದೆ ಭತ್ತಕ್ಕೆ ಸಿಕ್ಕ ಎಣ್ಣೆ ಹೊಡೆದ ಹಾಗೆ.

ನಾನು ವೈದ್ಯನಲ್ಲ. ಔಷಧಶಾಸ್ತ್ರ ಓದಿದವನು, ಅಷ್ಟೇ. ಇಲ್ಲಿ ಹೇಳುವ ಮನೆಯ ಅಭ್ಯಾಸಗಳನ್ನು ನೀವೇ ಶುರುಮಾಡಬಹುದು. ಗುಳಿಗೆಗಳನ್ನು ಮಾತ್ರ ವೈದ್ಯರ ಕೈಯಿಂದಲೇ ಪಡೆಯಬೇಕು.

ಮೊದಲ ಕೆಲಸ: ಲೆಕ್ಕ ಸರಿಮಾಡಿಕೊಳ್ಳುವುದು

"ಎಷ್ಟು ಹೊತ್ತು ಆಗಬೇಕು ಅಂದುಕೊಂಡಿದ್ದೀರಿ?" ಎಂದು ಕೇಳಿದರೆ, "ಅರ್ಧ ಗಂಟೆಯಾದರೂ ಬೇಡವೇ ಅಣ್ಣಾ?" ಎಂಬ ಉತ್ತರ ಬರುತ್ತದೆ. ಈ ಅರ್ಧ ಗಂಟೆ ಎಲ್ಲಿಂದ ಬಂತು? ಮೊಬೈಲಿನ ವಿಡಿಯೊಗಳಿಂದ ಮತ್ತು ಚಹಾದಂಗಡಿಯ ಬಡಾಯಿಯಿಂದ. ವಿಡಿಯೊ ಕತ್ತರಿಸಿ ಜೋಡಿಸಿದ್ದು. ಬಡಾಯಿಗೆ ಸಾಕ್ಷಿ ಇಲ್ಲ.

ಸಾಕ್ಷಿ ಇರುವ ಲೆಕ್ಕ ಬೇರೆಯೇ ಇದೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೆದರ್ಲೆಂಡ್ಸ್, ಬ್ರಿಟನ್, ಸ್ಪೇನ್, ಟರ್ಕಿ ಮತ್ತು ಅಮೆರಿಕದ 500 ಜೋಡಿಗಳು ನಾಲ್ಕು ವಾರ ತಮ್ಮ ಸಮಯವನ್ನು ಅಳೆದವು. ಗಡಿಯಾರ ಹಿಡಿದವರು ಹೆಂಗಸರು, ಹಾಗಾಗಿ ಬಡಾಯಿಗೆ ಅವಕಾಶವಿರಲಿಲ್ಲ. ಶಿಶ್ನ ಯೋನಿಯನ್ನು ಪ್ರವೇಶಿಸಿದಾಗಿನಿಂದ ವೀರ್ಯ ಹೊರಬರುವವರೆಗಿನ ಹೊತ್ತನ್ನು ಅಳೆದರೆ, ಎಲ್ಲರ ನಡುವಿನ ಅಂಕಿ 5.4 ನಿಮಿಷ. ಅತಿ ಕಡಿಮೆಯವರದು ಅರ್ಧ ನಿಮಿಷದ ಆಸುಪಾಸು, ಅತಿ ಹೆಚ್ಚಿನವರದು 44 ನಿಮಿಷ. ಮೂವತ್ತರೊಳಗಿನವರಿಗೆ 6.5 ನಿಮಿಷ, ಐವತ್ತು ದಾಟಿದವರಿಗೆ 4.3. ವಯಸ್ಸಾದಂತೆ ಸಮಯ ತಾನಾಗಿ ಹೆಚ್ಚುತ್ತದೆ ಎಂಬ ನಂಬಿಕೆಯೂ ಇಲ್ಲಿ ಬಿದ್ದುಹೋಯಿತು. ಭಾರತದ ಜೋಡಿಗಳು ಅದರಲ್ಲಿ ಇರಲಿಲ್ಲ. ಆದರೂ ಅರ್ಧ ಗಂಟೆಯ ಕಥೆಯನ್ನು ಮುರಿಯಲು ಅಷ್ಟು ಸಾಕು.

ವೈದ್ಯರು ಶೀಘ್ರ ಸ್ಖಲನ ಎಂದು ಕರೆಯಬೇಕಾದರೆ ಮೂರು ಸಂಗತಿಗಳು ಒಟ್ಟಿಗೆ ಇರಬೇಕು. ಮೊದಲ ಕೂಟದಿಂದಲೂ ಸುಮಾರು ಒಂದು ನಿಮಿಷದೊಳಗೆ ಆಗುತ್ತಿರಬೇಕು, ಅಥವಾ ಮೊದಲು ಚೆನ್ನಾಗಿದ್ದು ಈಗ ಸುಮಾರು ಮೂರು ನಿಮಿಷಕ್ಕೋ ಅದಕ್ಕಿಂತ ಕಡಿಮೆಗೋ ಇಳಿದಿರಬೇಕು. ಪ್ರತಿ ಸಲವೂ, ಇಲ್ಲವೇ ಹೆಚ್ಚುಕಡಿಮೆ ಪ್ರತಿ ಸಲವೂ, ತಡೆಯಲು ಆಗದಿರಬೇಕು. ಅದರಿಂದ ಮನಸ್ಸಿಗೆ ಸಂಕಟವಾಗುತ್ತಿರಬೇಕು, ಕೂಡುವುದನ್ನೇ ತಪ್ಪಿಸಿಕೊಳ್ಳುವಂತಾಗಿರಬೇಕು. ಎರಡು ನಿಮಿಷದಲ್ಲಿ ಮುಗಿದು ಇಬ್ಬರೂ ನಗುತ್ತ ಮಲಗುತ್ತಿದ್ದರೆ ಅದು ಕಾಯಿಲೆಯಲ್ಲ.

ಒಂದು ಸಣ್ಣ ನೋಟುಪುಸ್ತಕ ಇಟ್ಟುಕೊಳ್ಳಿ. ಹಾಸಿಗೆಯಲ್ಲಿ ಗಡಿಯಾರ ಬೇಡ. ಅದನ್ನು ನೋಡುತ್ತ ಕೂಡಿದರೆ ಇರುವ ಸಮಯವೂ ಓಡಿಹೋಗುತ್ತದೆ. ಮಾರನೆಯ ದಿನ ಅಂದಾಜು ಬರೆಯಿರಿ: ಒಂದರೊಳಗೆ, ಮೂರರೊಳಗೆ, ಐದರ ಆಚೆ. ಪಕ್ಕದಲ್ಲಿ ಹಿಂದಿನ ಸಲ ಕೂಡಿ ಎಷ್ಟು ದಿನವಾಗಿತ್ತು, ಕುಡಿದಿದ್ದಿರಾ, ರಾತ್ರಿ ಪಾಳಿ ಮುಗಿಸಿ ಬಂದದ್ದಾ, ಪಕ್ಕದ ಕೋಣೆಯಲ್ಲಿ ಯಾರಾದರೂ ಎಚ್ಚರವಿದ್ದರಾ ಎಂಬುದನ್ನೂ ಗುರುತು ಹಾಕಿ. ನಾಲ್ಕು ವಾರ ಸಾಕು. ಈ ಪುಟ ಆಮೇಲೆ ವೈದ್ಯರ ಮುಂದೆ ನಿಮಗಿಂತ ಚೆನ್ನಾಗಿ ಮಾತಾಡುತ್ತದೆ.

ಎರಡನೆಯದು: ನಿಮ್ಮದು ಯಾವ ಬಗೆ

ತಜ್ಞರು ಇದನ್ನು ನಾಲ್ಕಾಗಿ ವಿಂಗಡಿಸುತ್ತಾರೆ. ನನ್ನ ಮಟ್ಟಿಗೆ ಈ ಇಡೀ ವಿಷಯದ ಬೀಗದ ಕೈ ಇದೇ.

ಮೊದಲನೆಯದು ಹುಟ್ಟಿನಿಂದ ಬಂದಂಥದ್ದು. ಮೊದಲ ಸಲದಿಂದಲೂ, ಯಾರೊಂದಿಗೇ ಆದರೂ, ಒಂದು ನಿಮಿಷದ ಒಳಗೆ. ಕೆಲವರಿಗೆ ಪ್ರವೇಶಕ್ಕೂ ಮೊದಲೇ. ಇದು ಪಾಪದ ಫಲವಲ್ಲ, ಹರೆಯದಲ್ಲಿ ಮಾಡಿದ ಹಸ್ತಮೈಥುನದ ಫಲವೂ ಅಲ್ಲ. ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಸ್ಖಲನವನ್ನು ತಡೆಹಿಡಿಯುತ್ತದೆ. ಅದರ ಕೆಲಸದಲ್ಲಿನ ವ್ಯತ್ಯಾಸವೇ ಕಾರಣ ಎಂಬುದು ಇಂದಿನ ವಿವರಣೆ. ಇವರಿಗೆ ಅಭ್ಯಾಸದ ಜೊತೆ ಔಷಧವೂ ಬೇಕಾಗುವುದು ಹೆಚ್ಚು.

ಎರಡನೆಯದು ನಡುವೆ ಬಂದದ್ದು. ಹತ್ತು ವರ್ಷ ಸರಿಯಿದ್ದು, ಈಗೀಗ ಕೆಟ್ಟಿತು ಎನ್ನುವವರು. ಇವರಿಗೆ ನಾನು ಏನನ್ನೂ ಮಾರುವುದಿಲ್ಲ. ನೇರವಾಗಿ ವೈದ್ಯರ ಬಳಿ ಕಳಿಸುತ್ತೇನೆ. ಹಿಂದೆ ಏನೋ ಒಂದು ಇದ್ದೇ ಇರುತ್ತದೆ. ಶಿಶ್ನ ಗಟ್ಟಿಯಾಗಿ ನಿಲ್ಲದಿರುವುದು ಅದರಲ್ಲಿ ಮುಖ್ಯವಾದದ್ದು: ನಿಮಿರು ಇಳಿದುಹೋದೀತು ಎಂಬ ಭಯಕ್ಕೆ ಗಂಡಸು ತಾನೇ ಅವಸರ ಮಾಡುತ್ತಾನೆ, ಹೇಳುವಾಗ ಮಾತ್ರ "ಬೇಗ ಆಗುತ್ತದೆ" ಎನ್ನುತ್ತಾನೆ. ಆಗ ನಿಮಿರಿನ ತೊಂದರೆಗೆ ಮೊದಲು ಚಿಕಿತ್ಸೆಯಾಗಬೇಕು. ಸಕ್ಕರೆ ಕಾಯಿಲೆಯಿರಬಹುದು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿರಬಹುದು. ತೂಕ ಇಳಿಯುವುದು, ಕೈ ನಡುಗುವುದು, ಎದೆ ಬಡಿತ ಜೋರಾಗುವುದು, ಎಲ್ಲರಿಗಿಂತ ಹೆಚ್ಚು ಸೆಖೆ ಅನ್ನಿಸುವುದು ಅದರ ಗುರುತುಗಳು. ರಾಯಚೂರಿನ ಬಿಸಿಲಿನಲ್ಲಿ ಕೊನೆಯದನ್ನು ಯಾರೂ ಗಮನಿಸುವುದಿಲ್ಲ ಎಂಬುದು ಬೇರೆ ಮಾತು. ಥೈರಾಯ್ಡ್ ಹತೋಟಿಗೆ ಬಂದರೆ ಸ್ಖಲನದ ಸಮಯವೂ ಸುಧಾರಿಸುವುದುಂಟು. ಉರಿಮೂತ್ರ, ವೃಷಣದ ಹಿಂಭಾಗದಲ್ಲಿ ಒತ್ತುವಂಥ ನೋವು ಇದ್ದರೆ ಪ್ರಾಸ್ಟೇಟ್ ಗ್ರಂಥಿಯ ಉರಿಯೂತ ಇರಬಹುದು. ವೀರ್ಯದಲ್ಲಿ ರಕ್ತ ಕಂಡರೆ ನೋಟುಪುಸ್ತಕ ಬದಿಗಿಟ್ಟು ಆ ವಾರವೇ ತೋರಿಸಿ. ಸಾಲ, ಬೆಳೆ ನಷ್ಟ, ಮನೆಯ ಜಗಳ, ಹೊಸದಾಗಿ ಬಿಟ್ಟ ಅಮಲಿನ ಚಟ, ಇವೂ ಇದೇ ಪಟ್ಟಿಯವು.

ಮೂರನೆಯದು ಒಮ್ಮೊಮ್ಮೆ ಆಗುವುದು. ನಮ್ಮ ಸೀಮೆಯಲ್ಲಿ ಇದಕ್ಕೆ ಒಂದು ಹೆಸರನ್ನೇ ಇಡಬಹುದು: ಗುಳೆಯಿಂದ ಬಂದ ರಾತ್ರಿ. ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವನು ಮೂರು ತಿಂಗಳಿಗೆ ಒಮ್ಮೆ ಯುಗಾದಿಗೋ ಜಾತ್ರೆಗೋ ಊರಿಗೆ ಬರುತ್ತಾನೆ. ಮನೆಯಲ್ಲಿ ಒಂದೇ ಕೋಣೆ. ಬೇಸಿಗೆಯಾದರೆ ಎಲ್ಲರೂ ಮಾಳಿಗೆಯ ಮೇಲೆ ಸಾಲಾಗಿ ಮಲಗಿರುತ್ತಾರೆ. ಎರಡು ಮಾರು ದೂರದಲ್ಲಿ ಅವ್ವ ಕೆಮ್ಮುತ್ತಾಳೆ. ಮೂರು ತಿಂಗಳ ಬಿಡುವು, ಯಾರಾದರೂ ಎದ್ದಾರು ಎಂಬ ಅಂಜಿಕೆ, ಬೇಗ ಮುಗಿಸುವ ಹಳೆಯ ರೂಢಿ, ಇವು ಮೂರೂ ಸೇರಿದರೆ ಅರ್ಧ ನಿಮಿಷವೇ ಹೆಚ್ಚು. ಅವನು ಅದನ್ನು ನರ ದೌರ್ಬಲ್ಯ ಎಂದು ತಿಳಿದು ಮರುದಿನ ಅಂಗಡಿಗೆ ಬರುತ್ತಾನೆ. ಅವನಿಗೆ ನಾನು ಹೇಳುವುದು: ನಾಲ್ಕು ದಿನ ಊರಲ್ಲಿರು, ಎರಡನೆಯ ಮೂರನೆಯ ಸಲ ಹೇಗಾಗುತ್ತದೆ ನೋಡು. ಅದೇ ರಾತ್ರಿ ಸ್ವಲ್ಪ ಬಿಟ್ಟು ಮತ್ತೆ ಕೂಡಿದರೆ ಬಹಳ ಮಂದಿಗೆ ಸಮಯ ಹೆಚ್ಚುತ್ತದೆ. ಔಷಧ ಬೇಕಿಲ್ಲ. ಬೇಕಿರುವುದು ಒಂದು ಬಾಗಿಲು, ಅದಕ್ಕೊಂದು ಚಿಲಕ.

ನಾಲ್ಕನೆಯದು ಮನಸ್ಸಿನ ಅಳತೆಯ ದೋಷ. ಸಮಯ ಐದಾರು ನಿಮಿಷವೇ ಇರುತ್ತದೆ, ಕೆಲವೊಮ್ಮೆ ಹೆಚ್ಚೇ. ಆದರೆ ಅವನಿಗೆ ತಾನು ದುರ್ಬಲ ಎಂಬ ಕೊರಗು. ಇವರಿಗೆ ಮಾತಿನ ಚಿಕಿತ್ಸೆಯೇ ಚಿಕಿತ್ಸೆ.

ಈ ನಾಲ್ಕನೆಯ ಗುಂಪಿನೊಳಗೇ "ಧಾತು ಹೋಗುತ್ತದೆ" ಎಂದು ಬರುವ ಹುಡುಗರೂ ಇದ್ದಾರೆ. ಮೂತ್ರದಲ್ಲಿ ಬಿಳಿ ಬಂತು, ನಲವತ್ತು ಹನಿ ರಕ್ತಕ್ಕೆ ಒಂದು ಹನಿ ವೀರ್ಯ, ಶಕ್ತಿಯೆಲ್ಲ ಹರಿದುಹೋಯಿತು ಎಂಬ ಹೆದರಿಕೆ. ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿಯೇ ಈ ಹೆದರಿಕೆಗೆ ಧಾತು ಸಿಂಡ್ರೋಮ್ ಎಂದು ಹೆಸರಿಟ್ಟರು. ವೀರ್ಯ ರಕ್ತದಿಂದ ಭಟ್ಟಿ ಇಳಿಸಿದ್ದಲ್ಲ. ಅದರ ಬಹುಭಾಗ ಪ್ರಾಸ್ಟೇಟ್ ಮತ್ತು ವೀರ್ಯಕೋಶಗಳಲ್ಲಿ ತಯಾರಾಗುವ ದ್ರವ. ಹೋದಷ್ಟೂ ಮತ್ತೆ ತಯಾರಾಗುತ್ತದೆ. ಹೊಲದಲ್ಲಿ ನೀರು ಕುಡಿಯದೆ ದುಡಿದ ದಿನ ಮೂತ್ರ ಗಟ್ಟಿಯಾಗಿ ಮಸುಕಾಗಿ ಕಾಣಬಹುದು. ಅನುಮಾನವಿದ್ದರೆ ಒಂದು ಸಾಮಾನ್ಯ ಮೂತ್ರಪರೀಕ್ಷೆ ಮಾಡಿಸಿ, ಕೊರಗನ್ನು ಅಲ್ಲಿಗೇ ಬಿಡಿ.

ಮೂರನೆಯದು: ಮನೆಯಾಕೆಯೊಂದಿಗೆ ಮಾತು

ಈ ಹೆಜ್ಜೆಯನ್ನು ಹಾರಿಸಿ ಮುಂದೆ ಹೋಗುವವರೇ ಹೆಚ್ಚು. ಹೆಂಡತಿಗೆ ತಿಳಿಯದಂತೆ ಸರಿಮಾಡಿಕೊಂಡು ಒಂದು ರಾತ್ರಿ ಬೆರಗುಗೊಳಿಸಬೇಕು ಎಂಬ ಆಸೆ. ಆಕೆಗೆ ತಿಳಿಯದ್ದು ಏನಿದೆ? ತಿಳಿಯದಿರುವುದು ಒಂದೇ, ಗಂಡ ಮುಖ ತಿರುಗಿಸಿ ಮಲಗುವುದು ನಾಚಿಕೆಗೋ ಬೇಸರಕ್ಕೋ ಎಂಬುದು. ಎಷ್ಟೋ ಹೆಂಗಸರು ಅದನ್ನು ಬೇಸರ ಎಂದೇ ತಿಳಿದಿರುತ್ತಾರೆ.

ಹಾಸಿಗೆಯ ಮೇಲೆ, ಆದ ಕೂಡಲೇ, ಈ ಮಾತು ಬೇಡ. ಹೊಲದ ದಾರಿಯಲ್ಲೋ, ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲೋ ತೆಗೆಯಿರಿ. "ನನಗೆ ಬೇಗ ಆಗಿಬಿಡುತ್ತದೆ, ಅದು ನನ್ನನ್ನು ಕಾಡುತ್ತಿದೆ, ಸರಿಮಾಡಿಕೊಳ್ಳುವ ಅಭ್ಯಾಸವಿದೆ, ನಿನ್ನ ಸಹಾಯ ಬೇಕು." ಇಷ್ಟೇ ಸಾಕು. ಕ್ಷಮೆ ಕೇಳುವುದು ಬೇಡ, ದೀರ್ಘ ಭಾಷಣವೂ ಬೇಡ.

ಇದೇ ಮಾತಿನಲ್ಲಿ ಇನ್ನೊಂದು ಸತ್ಯವೂ ಹೊರಬರುತ್ತದೆ. ಬಹಳಷ್ಟು ಹೆಂಗಸರಿಗೆ ಪ್ರವೇಶದಿಂದಷ್ಟೇ ತೃಪ್ತಿಯ ತುದಿ ಸಿಗುವುದಿಲ್ಲ, ಅದು ಐದು ನಿಮಿಷವಿರಲಿ ಹದಿನೈದಿರಲಿ. ಯೋನಿಯ ಮೇಲ್ಭಾಗದ ಭಗಾಂಕುರಕ್ಕೆ ಸ್ಪರ್ಶ ಬೇಕು, ಅದಕ್ಕೆ ಕೈ ಇದೆ, ಬಾಯಿ ಇದೆ. ಮೊದಲು ಆಕೆ, ಆಮೇಲೆ ನೀವು ಎಂದು ಸರದಿ ಬದಲಿಸಿಕೊಂಡ ಜೋಡಿಗಳಿಗೆ ನಿಮಿಷದ ಲೆಕ್ಕದ ಭಾರ ಅರ್ಧಕ್ಕೆ ಇಳಿಯುತ್ತದೆ. ಭಾರ ಇಳಿದರೆ ಸಮಯವೂ ಸ್ವಲ್ಪ ಹೆಚ್ಚುತ್ತದೆ; ಅವಸರಕ್ಕೆ ಆತಂಕವೇ ಅರ್ಧ ಇಂಧನ.

ನಾಲ್ಕನೆಯದು: ತೂಬಿನ ಕೀಲಿ ಎಲ್ಲಿದೆ ಎಂದು ಕಲಿಯುವುದು

ಸ್ಖಲನ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ವೀರ್ಯ ಒಳಗಿನ ಗ್ರಂಥಿಗಳಿಂದ ಮೂತ್ರನಾಳದ ಬುಡಕ್ಕೆ ಬಂದು ಸೇರುತ್ತದೆ. ಆಮೇಲೆ ಸ್ನಾಯುಗಳು ಹಿಂಡಿ ಹೊರಗೆ ತಳ್ಳುತ್ತವೆ. ಮೊದಲ ಹಂತ ಶುರುವಾಯಿತೆಂದರೆ ಎರಡನೆಯದನ್ನು ತಡೆಯಲಾಗದು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ರೈತರಿಗೆ ಇದನ್ನು ವಿವರಿಸುವುದು ಸುಲಭ: ತೂಬು ಎತ್ತುವ ಮೊದಲು ಎಷ್ಟು ಹೊತ್ತಾದರೂ ಕಾಯಬಹುದು, ಎತ್ತಿದ ಮೇಲೆ ಬೊಗಸೆ ಒಡ್ಡಿ ನೀರು ನಿಲ್ಲಿಸಲಾಗುವುದಿಲ್ಲ. ಬೇಗ ಸ್ಖಲಿಸುವವರು ತಡೆಯಲು ಹೊರಡುವುದು ತೂಬು ಎದ್ದ ಮೇಲೆ. ಅಭ್ಯಾಸವೆಲ್ಲ ಅದಕ್ಕಿಂತ ಸ್ವಲ್ಪ ಮೊದಲಿನ ಕ್ಷಣವನ್ನು ಗುರುತಿಸುವುದಕ್ಕಾಗಿ.

ಇದಕ್ಕೆ ನಿಲ್ಲಿಸಿ-ನಡೆಸುವ ವಿಧಾನ ಎನ್ನಬಹುದು. 1956ರಲ್ಲಿ ಜೇಮ್ಸ್ ಸೀಮನ್ಸ್ ಎಂಬ ವೈದ್ಯರು ಪ್ರಕಟಿಸಿದ್ದು, ಇಂದಿಗೂ ಬಳಕೆಯಲ್ಲಿದೆ.

ಮೊದಲ ಎರಡು ವಾರ ಒಬ್ಬರೇ ಮಾಡಿ. ಬಾಗಿಲು ಹಾಕಿಕೊಂಡು, ಹದಿನೈದು ನಿಮಿಷ ಬಿಡುವಿರುವ ಹೊತ್ತಿನಲ್ಲಿ, ವಾರಕ್ಕೆ ಮೂರು ದಿನ. ಒಣ ಕೈಯಿಂದ ನಿಧಾನವಾಗಿ ಉದ್ರೇಕಿಸಿಕೊಳ್ಳಿ. ಉದ್ರೇಕಕ್ಕೆ ಒಂದರಿಂದ ಹತ್ತರವರೆಗೆ ಅಂಕ ಕೊಡುತ್ತ ಹೋಗಿ. ಹತ್ತು ಅಂದರೆ ಸ್ಖಲನ. ಏಳಕ್ಕೆ ಬಂದಾಗ ಕೈ ತೆಗೆಯಿರಿ. ಎಂಟೂವರೆಗಲ್ಲ, ಏಳಕ್ಕೆ. ಆಸೆ ಇಳಿಯುವವರೆಗೆ, ಸುಮಾರು ಅರ್ಧ ನಿಮಿಷ, ಉಸಿರು ಉದ್ದವಾಗಿ ಬಿಡುತ್ತ, ತೊಡೆ ಮತ್ತು ಹೊಟ್ಟೆಯನ್ನು ಸಡಿಲ ಬಿಟ್ಟು ಕಾಯಿರಿ. ನಾಲ್ಕಕ್ಕೆ ಇಳಿದ ಮೇಲೆ ಮತ್ತೆ ಶುರುಮಾಡಿ. ಹೀಗೆ ಮೂರು ಸಲ ನಿಲ್ಲಿಸಿ, ನಾಲ್ಕನೆಯ ಸಲ ಬಿಟ್ಟುಬಿಡಿ. ಮೊದಲ ವಾರ ಲೆಕ್ಕ ತಪ್ಪುತ್ತದೆ, ಏಳು ಎಂದುಕೊಂಡದ್ದು ಒಂಬತ್ತಾಗಿರುತ್ತದೆ. ತಪ್ಪಿದ್ದರಿಂದಲೇ ಅಂಕ ಸರಿಯಾಗುವುದು.

ಮೊಬೈಲ್ ವಿಡಿಯೊ ನೋಡುತ್ತ ಈ ಅಭ್ಯಾಸ ಮಾಡಬೇಡಿ. ಗಮನ ಪರದೆಯ ಮೇಲಿದ್ದರೆ ಸ್ವಂತ ಮೈಯ ಸೂಚನೆ ಕೇಳಿಸುವುದಿಲ್ಲ.

ಮೂರು, ನಾಲ್ಕನೆಯ ವಾರ ಅದನ್ನೇ ಜಾರುವ ಕೈಯಿಂದ ಮಾಡಿ. ಕೊಬ್ಬರಿ ಎಣ್ಣೆ ಆಗುತ್ತದೆ. ಒಂದು ಎಚ್ಚರಿಕೆ ಮಾತ್ರ ಇದೆ: ಎಣ್ಣೆ ತಾಗಿದರೆ ರಬ್ಬರಿನ ಕಾಂಡೋಮ್ ಹರಿಯುತ್ತದೆ, ಹಾಗಾಗಿ ಕಾಂಡೋಮ್ ಬಳಸುವ ದಿನ ಎಣ್ಣೆ ಬೇಡ, ನೀರಿನ ಆಧಾರದ ಜೆಲ್ ಬಳಸಿ. ಐದನೆಯ ವಾರದಿಂದ ಹೆಂಡತಿಯ ಕೈ. "ನಿಲ್ಲಿಸು" ಎಂಬುದಕ್ಕೆ ಒಂದು ಗುರುತು ಇಟ್ಟುಕೊಳ್ಳಿ, ಭುಜ ತಟ್ಟಿದರೂ ಸಾಕು. ಅದಾದ ಮೇಲೆ ಪ್ರವೇಶ: ಆಕೆ ಮೇಲೆ, ನೀವು ಕೆಳಗೆ. ಪ್ರವೇಶಿಸಿ ಅಲುಗದೆ ಇರುವುದೇ ಆ ದಿನದ ಪಾಠ. ಒಂದು ನಿಮಿಷ ಅಲುಗದೆ ಇದ್ದು ಹೊರಬನ್ನಿ. ಕೆಲವು ದಿನಗಳ ನಂತರ ನಿಧಾನ ಚಲನೆ, ಏಳಕ್ಕೆ ಬಂದಾಗ ನಿಲುಗಡೆ. ಗಂಡಸು ಮೇಲಿರುವ ಭಂಗಿಯಲ್ಲಿ ತೊಡೆ, ಸೊಂಟ ಬಿಗಿದಿರುವುದರಿಂದ ತಡೆಯುವುದು ಕಷ್ಟ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ನಿಲ್ಲಿಸಿದರೂ ಆಸೆ ಇಳಿಯದವರಿಗೆ ಒತ್ತುವ ವಿಧಾನವಿದೆ. ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಅಮೆರಿಕದ ಸಂಶೋಧಕ ಜೋಡಿ 1970ರಲ್ಲಿ ಇದನ್ನು ವಿವರಿಸಿತು. ಶಿಶ್ನದ ತುದಿಯ ಗುಬುಟು ಮುಗಿಯುವ ಜಾಗದಲ್ಲಿ ಹೆಬ್ಬೆರಳನ್ನು ಕೆಳಬದಿಗೂ ಎರಡು ಬೆರಳುಗಳನ್ನು ಮೇಲ್ಬದಿಗೂ ಇಟ್ಟು ಕೆಲವು ಸೆಕೆಂಡು ಒತ್ತಿ ಹಿಡಿಯುವುದು. ನೋಯುವಷ್ಟು ಒತ್ತಬಾರದು. ನನಗೆ ಕೇಳಿದರೆ ನಿಲ್ಲಿಸಿ-ನಡೆಸುವುದೇ ಮೇಲು. ಒತ್ತುವುದರಲ್ಲಿ ಇಬ್ಬರಿಗೂ ರಸಭಂಗ.

ಜೊತೆಗೆ ಶ್ರೋಣಿಯ ತಳದ ಸ್ನಾಯುಗಳಿಗೆ ವ್ಯಾಯಾಮ. ತುಂಬಿದ ಸಭೆಯಲ್ಲಿ ವಾಯು ಬರುವಂತಾದಾಗ ಗುದವನ್ನು ಒಳಗೆಳೆದು ತಡೆಯುತ್ತೀರಲ್ಲ, ಆ ಸ್ನಾಯುಗಳೇ ಇವು. ಐದು ಸೆಕೆಂಡು ಒಳಗೆಳೆಯಿರಿ, ಐದು ಸೆಕೆಂಡು ಪೂರ್ತಿ ಸಡಿಲ ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ತೊಡೆ, ಪೃಷ್ಠ ಬಿಗಿಯಬಾರದು, ಉಸಿರು ಕಟ್ಟಬಾರದು. ಟ್ರ್ಯಾಕ್ಟರ್ ಮೇಲೆ, ಬಸ್ಸಿನಲ್ಲಿ, ಜೀನ್ಸ್ ಹೊಲಿಯುವ ಯಂತ್ರದ ಮುಂದೆ, ಎಲ್ಲಿ ಬೇಕಾದರೂ ಆಗುತ್ತದೆ, ಯಾರಿಗೂ ಕಾಣುವುದಿಲ್ಲ. ಮೂತ್ರವನ್ನು ನಡುವೆ ತಡೆದು ಇದನ್ನೇ ದಿನವೂ ಮಾಡುವುದು ಮಾತ್ರ ತಪ್ಪು. ಫಲ ನೋಡಲು ಹನ್ನೆರಡು ವಾರವಾದರೂ ಬೇಕು. ಮಾಡುವಾಗ ನೋವು ಬಂದರೆ ಬಿಟ್ಟುಬಿಡಿ: ಕೆಲವರಿಗೆ ಆ ಸ್ನಾಯುಗಳು ಮೊದಲೇ ಬಿಗಿದಿರುತ್ತವೆ, ಅವರಿಗೆ ಸಡಿಲಿಸುವುದನ್ನು ಕಲಿಸಬೇಕು, ಅದು ಫಿಸಿಯೊಥೆರಪಿಯವರ ಕೆಲಸ.

ಐದನೆಯದು: ಮುಲಾಮು ಮತ್ತು ಕಾಂಡೋಮ್

ತುದಿಯ ಸಂವೇದನೆ ತಗ್ಗಿಸುವ ಮುಲಾಮುಗಳಲ್ಲಿ ಲಿಡೊಕೇನ್ ಅಥವಾ ಲಿಡೊಕೇನ್ ಮತ್ತು ಪ್ರಿಲೊಕೇನ್ ಎರಡೂ ಇರುತ್ತವೆ. ಹಲ್ಲು ಕೀಳುವ ಮೊದಲು ವಸಡಿಗೆ ಕೊಡುವ ಜಾತಿಯ ಔಷಧ. ಕಡಲೆಕಾಳಿನಷ್ಟು ತೆಗೆದು ತುದಿಗೆ ತೆಳುವಾಗಿ ಸವರಿ, ಸುಮಾರು ಇಪ್ಪತ್ತು ನಿಮಿಷ ಬಿಟ್ಟು, ನೀರಿನಿಂದ ಚೆನ್ನಾಗಿ ತೊಳೆದು ಕೂಡಬೇಕು. ತೊಳೆಯದಿದ್ದರೆ ಹೆಂಡತಿಗೂ ಮರಗಟ್ಟುತ್ತದೆ. ಮುಕ್ಕಾಲು ಗಂಟೆ ಬಿಟ್ಟರೆ ನಿಮ್ಮ ನಿಮಿರೇ ಇಳಿಯುತ್ತದೆ. ಹೆಚ್ಚು ಹಚ್ಚಿದರೆ ಹೆಚ್ಚು ಫಲ ಎಂಬ ಗೊಬ್ಬರದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗಾಯ, ಬಿರುಕು ಇದ್ದರೆ ಹಚ್ಚಬಾರದು. ಹಿಂದೆ ಅರಿವಳಿಕೆ ಮದ್ದಿಗೆ ಅಲರ್ಜಿಯಾಗಿದ್ದರೆ, ಇಲ್ಲವೇ ರಕ್ತಕಣಗಳಲ್ಲಿ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದೆಯೆಂದು ವೈದ್ಯರು ಹೇಳಿದ್ದರೆ, ಇದು ನಿಮಗಲ್ಲ.

ತಲೆನೋವಿನ ಬಾಮ್ ಇದಕ್ಕೆ ಬದಲಿ ಅಲ್ಲ ಎಂದು ಬರೆಯಬೇಕಾಗಿ ಬಂದಿದೆ. ಒಬ್ಬ ಹುಡುಗ ಪ್ರಯೋಗ ಮಾಡಿ ಎರಡು ದಿನ ಲುಂಗಿಯಲ್ಲೇ ಓಡಾಡಿದ.

ದಪ್ಪ ಕಾಂಡೋಮ್ ಕೆಲವರಿಗೆ ಸಾಕಾಗುತ್ತದೆ. ಒಳಬದಿಯಲ್ಲಿ ಬೆಂಜೊಕೇನ್ ಎಂಬ ಮರಗಟ್ಟಿಸುವ ಮದ್ದು ಸವರಿದ ಕಾಂಡೋಮ್‌ಗಳೂ ಇವೆ. ಮೂರನೆಯ ಬಗೆಯವರು, ಅಂದರೆ ಗುಳೆಯಿಂದ ಬಂದವರು, ಮೊದಲು ಇದನ್ನೇ ನೋಡಬಹುದು.

ಆರನೆಯದು: ಗುಳಿಗೆ, ವೈದ್ಯರ ಮೂಲಕ

ಡಾಪೊಕ್ಸೆಟಿನ್ ಈ ತೊಂದರೆಗೆಂದೇ ತಯಾರಾದ ಗುಳಿಗೆ. ಕೂಡುವ ಒಂದರಿಂದ ಮೂರು ಗಂಟೆ ಮೊದಲು, ಪೂರ್ತಿ ಒಂದು ಲೋಟ ನೀರಿನೊಂದಿಗೆ, ದಿನಕ್ಕೆ ಒಂದೇ ಸಲ. ಸಾಮಾನ್ಯವಾಗಿ 30 ಮಿಲಿಗ್ರಾಂನಿಂದ ಶುರುಮಾಡುತ್ತಾರೆ. ಎಷ್ಟು ಫಲ? 2006ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳಲ್ಲಿ ಸರಾಸರಿ 0.9 ನಿಮಿಷದವರು 30 ಮಿಲಿಗ್ರಾಂನಿಂದ 2.78 ನಿಮಿಷಕ್ಕೂ 60 ಮಿಲಿಗ್ರಾಂನಿಂದ 3.32 ನಿಮಿಷಕ್ಕೂ ಏರಿದರು. ಅರ್ಧ ಗಂಟೆಯ ಗುಳಿಗೆ ಭೂಮಿಯ ಮೇಲಿಲ್ಲ. ಇನ್ನೊಂದು ಅಂಕಿ ನನಗೆ ಬಹಳ ಇಷ್ಟ: ಔಷಧವೇ ಇಲ್ಲದ ಹುಸಿ ಗುಳಿಗೆ ನುಂಗಿದವರೂ 1.75ಕ್ಕೆ ಏರಿದರು. ನಂಬಿಕೆಗೆ ಅಷ್ಟು ಬಲವಿದೆ. ಸಂತೆಯಲ್ಲಿ ಮಾರುವ ಪುಡಿ ಕೆಲವರಿಗೆ "ಹತ್ತಿತು" ಅನ್ನಿಸುವುದರ ಗುಟ್ಟು ಇದೇ ಇರಬೇಕು.

ಈ ಗುಳಿಗೆಯಿಂದ ವಾಕರಿಕೆ, ತಲೆನೋವು, ಭೇದಿ, ತಲೆಸುತ್ತು ಬರಬಹುದು. ಕೆಲವರಿಗೆ ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬಂದು ಬೀಳುವಂತಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ದಿನವಿಡೀ ಬಿಸಿಲಿನಲ್ಲಿ ದುಡಿದು, ಮೈಯ ನೀರು ಆರಿಸಿಕೊಂಡು, ಮೇಲೆ ಎರಡು ಪೆಗ್ ಹಾಕಿ ಇದನ್ನು ನುಂಗುವುದೆಂದರೆ ಬೀಳುವುದಕ್ಕೆ ಮುಂಗಡ ಕೊಟ್ಟ ಹಾಗೆ. ಹೃದಯದ ತೊಂದರೆ ಇದ್ದವರು, ಹಿಂದೆ ಮೂರ್ಛೆ ಹೋದವರು, ಯಕೃತ್ತಿನ ಕಾಯಿಲೆಯವರು, ಖಿನ್ನತೆಗೆ ಗುಳಿಗೆ ತೆಗೆದುಕೊಳ್ಳುತ್ತಿರುವವರು ಮುಟ್ಟಬಾರದು. ನುಂಗುತ್ತಿರುವ ಎಲ್ಲ ಗುಳಿಗೆಗಳ ಖಾಲಿ ಹಾಳೆಗಳನ್ನು ಚೀಲದಲ್ಲಿ ಹಾಕಿಕೊಂಡೇ ವೈದ್ಯರ ಬಳಿ ಹೋಗಿ.

ಡಾಪೊಕ್ಸೆಟಿನ್ ಜೊತೆ ಸಿಲ್ಡೆನಾಫಿಲ್ ಸೇರಿಸಿದ ಗುಳಿಗೆಗಳೂ ಮಾರುಕಟ್ಟೆಯಲ್ಲಿವೆ. ಗೆಳೆಯನ ಚೀಟಿಯಲ್ಲಿ ಹೆಚ್ಚಾಗಿ ಇರುವುದು ಇವೇ. ಸಿಲ್ಡೆನಾಫಿಲ್ ನಿಮಿರಿನ ತೊಂದರೆಗೆ; ನಿಮಿರು ಸರಿಯಿದ್ದವನಿಗೆ ಅದರ ಅಗತ್ಯವಿಲ್ಲ. ಎದೆನೋವಿಗೆ ನಾಲಿಗೆಯ ಕೆಳಗೆ ಇಡುವ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಗುಳಿಗೆ ಬಳಸುವವನು ಸಿಲ್ಡೆನಾಫಿಲ್ ನುಂಗಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಬರಬಹುದು. ವೈದ್ಯರ ಚೀಟಿ ಎಲ್ಲಿ ಎಂದು ನಾನು ಕೇಳುವುದು ಇದಕ್ಕೆ.

ಹುಟ್ಟಿನಿಂದ ಬಂದ ತೊಂದರೆಗೆ ವೈದ್ಯರು ಕೆಲವೊಮ್ಮೆ ಪ್ಯಾರೊಕ್ಸೆಟಿನ್ ಅಥವಾ ಸರ್ಟ್ರಾಲಿನ್ ಅನ್ನು ದಿನವೂ ನುಂಗಲು ಬರೆಯುತ್ತಾರೆ. ಇವು ಮೂಲತಃ ಖಿನ್ನತೆಯ ಗುಳಿಗೆಗಳು. ಸ್ಖಲನ ತಡವಾಗುವುದು ಅವುಗಳ ಅಡ್ಡಪರಿಣಾಮ, ಅದನ್ನೇ ಇಲ್ಲಿ ಉಪಯೋಗಕ್ಕೆ ತೆಗೆದುಕೊಳ್ಳುತ್ತಾರೆ. ಫಲ ಕಾಣಲು ಒಂದೆರಡು ವಾರ ಬೇಕು. ಮನೆಯಲ್ಲಿ ಯಾರೋ ಮೊಬೈಲಿನಲ್ಲಿ ಹೆಸರು ಹುಡುಕಿ "ಇದು ಹುಚ್ಚಿನ ಗುಳಿಗೆ" ಎಂದು ಗಾಬರಿ ಎಬ್ಬಿಸಿದ್ದನ್ನು ಕಂಡಿದ್ದೇನೆ, ಆದ್ದರಿಂದ ಮೊದಲೇ ಹೇಳಿಡುತ್ತಿದ್ದೇನೆ. ಆ ಗಾಬರಿಗೆ ಒಮ್ಮೆಲೇ ನಿಲ್ಲಿಸಬೇಡಿ: ತಲೆಸುತ್ತು, ಚಡಪಡಿಕೆ, ನಿದ್ರೆಗೇಡು ಬರುತ್ತವೆ. ವೈದ್ಯರು ಹೇಳಿದಂತೆ ಇಳಿಸುತ್ತ ಬಿಡಬೇಕು. ಚಿಕ್ಕ ವಯಸ್ಸಿನವರಿಗೆ ಶುರುವಿನ ವಾರಗಳಲ್ಲಿ ಮನಸ್ಸು ತೀರ ಕುಗ್ಗಿದಂತೆ ಕಂಡರೆ, ಸಾಯುವ ಮಾತು ಬಂದರೆ, ಅಂದೇ ವೈದ್ಯರಿಗೆ ತಿಳಿಸಿ. ಮಗುವಿಗಾಗಿ ಪ್ರಯತ್ನಿಸುತ್ತಿದ್ದರೆ ಅದನ್ನೂ ಮೊದಲೇ ಹೇಳಿ. ಈ ಗುಳಿಗೆಗಳು ವೀರ್ಯಾಣುಗಳ ಮೇಲೆ ಪರಿಣಾಮ ಮಾಡಬಹುದು.

ಮಕ್ಕಳ ಮಾತು ಬಂತು, ಹೇಳಿಬಿಡುತ್ತೇನೆ. ವೀರ್ಯ ಯೋನಿಯ ಒಳಗೆ ಬೀಳುತ್ತಿದ್ದರೆ ಬೇಗ ಸ್ಖಲನವಾಗುವುದರಿಂದ ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ. ಪ್ರವೇಶಕ್ಕೂ ಮೊದಲೇ ಆಗಿಬಿಡುತ್ತಿದ್ದರೆ ಮಾತ್ರ ತೊಂದರೆ.

ಟ್ರಮಡಾಲ್ ಬಗ್ಗೆ ಯಾರಾದರೂ ಕಿವಿಯಲ್ಲಿ ಊದಿದರೆ ಕೇಳಬೇಡಿ. ಅದು ನೋವಿನ ಗುಳಿಗೆ, ಅಫೀಮಿನ ಜಾತಿಯದು. ಸ್ಖಲನ ತಡವಾಗುವುದು ನಿಜ, ಚಟ ಹತ್ತುವುದೂ ಅಷ್ಟೇ ನಿಜ. 2018ರಿಂದ ಅದು ಮಾದಕ ವಸ್ತುಗಳ ಕಾನೂನಿನ ಕೆಳಗೆ ಬಂದಿದೆ. ಕುಡಿದರೆ ತಡವಾಗುತ್ತದೆ ಎಂಬುದೂ ಹಾಗೆಯೇ. ಕೆಲವು ವರ್ಷ ಕುಡಿದ ಮೇಲೆ ನಿಮಿರೇ ನಿಲ್ಲುವುದಿಲ್ಲ, ಆಗ ಬೇಗವೂ ಇಲ್ಲ ತಡವೂ ಇಲ್ಲ.

ಏಳನೆಯದು: ಲಾಡ್ಜಿನ ವೈದ್ಯರನ್ನು ದಾಟಿ ಆಸ್ಪತ್ರೆಗೆ ಹೋಗುವುದು

ಬಸ್ ನಿಲ್ದಾಣದ ಶೌಚಾಲಯದ ಗೋಡೆ, ವಿದ್ಯುತ್ ಕಂಬ, ಸಂತೆಯ ಡೇರೆ, ಎಲ್ಲೆಡೆ "ಗುಪ್ತ ರೋಗ, ನರ ದೌರ್ಬಲ್ಯ, ಖಾತ್ರಿ ಚಿಕಿತ್ಸೆ" ಎಂಬ ಚೀಟಿ. ತಿಂಗಳಿಗೊಮ್ಮೆ ಯಾವುದೋ ಲಾಡ್ಜಿನ ಕೋಣೆಯಲ್ಲಿ ದರ್ಶನ. ಲೈಂಗಿಕ ಸಾಮರ್ಥ್ಯ ಹೆಚ್ಚಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದು 1954ರ ಕಾಯಿದೆಯ ಪ್ರಕಾರ ಅಪರಾಧ. ಜಾಹೀರಾತೇ ಅಪರಾಧವಾದ ಮೇಲೆ ಒಳಗಿನ ಪುಡಿಯ ಬಗ್ಗೆ ಏನು ಹೇಳಲಿ? ಗಿಡಮೂಲಿಕೆ ಎಂದು ಮಾರುವ ಇಂಥವುಗಳಲ್ಲಿ ಸಿಲ್ಡೆನಾಫಿಲ್ ಬೆರೆಸಿರುವುದನ್ನು, ಭಸ್ಮಗಳಲ್ಲಿ ಸೀಸ, ಪಾದರಸ ಇರುವುದನ್ನು ಪರೀಕ್ಷೆಗಳು ಮತ್ತೆ ಮತ್ತೆ ಪತ್ತೆ ಮಾಡಿವೆ. ಕಾರಟಗಿ ಕಡೆಯ ಒಬ್ಬರು ಒಂದು ಭತ್ತದ ಬೆಳೆಯ ಲಾಭವನ್ನು ಹೀಗೆ ಕಳೆದುಕೊಂಡು, ಕೊನೆಗೆ ನನ್ನ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಯ ಔಷಧ ಕೊಂಡರು, ಅದೂ ಸರ್ಕಾರಿ ವೈದ್ಯರ ಚೀಟಿಯೊಂದಿಗೆ.

ಹೋಗಬೇಕಾದ ಜಾಗಗಳು ಹತ್ತಿರದಲ್ಲೇ ಇವೆ. ಬಳ್ಳಾರಿಯಲ್ಲಿ ಜನ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಹೊರರೋಗಿ ಚೀಟಿ ಮಾಡಿಸುವಾಗ ಕಿಟಕಿಯಲ್ಲಿ ಕಾಯಿಲೆಯ ಹೆಸರು ಹೇಳುವ ಅಗತ್ಯವಿಲ್ಲ. "ಚರ್ಮರೋಗ ವಿಭಾಗ" ಎನ್ನಿ, ಲೈಂಗಿಕ ತೊಂದರೆಗಳನ್ನು ಅಲ್ಲಿಯೂ ನೋಡುತ್ತಾರೆ. ಇಲ್ಲವೇ "ಮನೋವೈದ್ಯ ವಿಭಾಗ" ಎನ್ನಿ. ಉರಿಮೂತ್ರ, ನೋವು ಇದ್ದರೆ ಮೂತ್ರರೋಗ ತಜ್ಞರು ಬೇಕಾಗುತ್ತಾರೆ. ಆಸ್ಪತ್ರೆಯ ಮೆಟ್ಟಿಲು ಹತ್ತಲು ಇನ್ನೂ ಮನಸ್ಸಿಲ್ಲದವರು 14416ಕ್ಕೆ ಕರೆ ಮಾಡಬಹುದು. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ, ಹಣವಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಕೊರಗು, ಆತಂಕ ಹೆಚ್ಚಿದ್ದವರಿಗೆ ಅಲ್ಲಿಂದ ಶುರುಮಾಡುವುದೇ ಸುಲಭ.

ವೈದ್ಯರ ಮುಂದೆ ನಾಲಿಗೆ ಕಟ್ಟುತ್ತದೆ ಎಂದು ಗೊತ್ತಿದ್ದರೆ ಮನೆಯಲ್ಲೇ ಒಂದು ಚೀಟಿ ಬರೆದುಕೊಳ್ಳಿ. ಚೀಟಿ ಕೊಡುವುದರಲ್ಲಿ ನಮ್ಮವರು ಪಳಗಿದವರೇ, ಅದರಲ್ಲಿ ಗುಳಿಗೆಯ ಹೆಸರಿನ ಬದಲು ಹೀಗಿರಲಿ: "ನನಗೆ ಬೇಗ ಸ್ಖಲನವಾಗುತ್ತದೆ. ಮೊದಲಿನಿಂದಲೂ ಇದೆ, ಅಥವಾ ಇಷ್ಟು ತಿಂಗಳಿಂದ ಇದೆ. ನಾಲ್ಕು ವಾರದ ಅಂದಾಜು ಇಷ್ಟು. ನಿಮಿರು ಸರಿಯಿದೆ, ಅಥವಾ ಇಲ್ಲ. ಸಕ್ಕರೆ, ಬಿಪಿ, ಥೈರಾಯ್ಡ್, ಹೃದಯದ ತೊಂದರೆ ಇದೆ, ಅಥವಾ ಇಲ್ಲ. ಈಗ ಈ ಗುಳಿಗೆಗಳನ್ನು ನುಂಗುತ್ತಿದ್ದೇನೆ. ಕುಡಿಯುವುದು ಇಷ್ಟು. ಹೆಂಡತಿಗೆ ಗೊತ್ತಿದೆ." ಕೊನೆಯ ಸಾಲು ನಿಜವಾಗಿರುವ ದಿನ ಹೋಗಿ. ಸಾಧ್ಯವಾದರೆ ಆಕೆಯನ್ನೂ ಕರೆದುಕೊಂಡು ಹೋಗಿ, ಬೆಳಿಗ್ಗೆ ಸಾಲು ಬೆಳೆಯುವ ಮುಂಚೆ.